ಓದುಗರ ಪ್ರಶ್ನೆ, ನಮ್ಮ ಉತ್ತರ: 2025ರ ಸೆಪ್ಟೆಂಬರಿನ ಮೂರು ಕೊರಿಯನ್ ಪ್ರೇಮಕಥೆಗಳು

ಪ್ರಶ್ನೆ: 2025ರ ಸೆಪ್ಟೆಂಬರ್ ತಿಂಗಳಲ್ಲಿ ಏಕಕಾಲಕ್ಕೆ ಪ್ರಸಾರವಾದ ಮೂರು ಕೊರಿಯನ್ ಪ್ರೇಮ ಧಾರಾವಾಹಿಗಳನ್ನು ನೋಡುತ್ತಿದ್ದೇನೆ. ‘ಬಾನ್ ಅಪೆಟಿ, ಯುವರ್ ಮೆಜೆಸ್ಟಿ’ ನನಗೆ ಬಹಳ ಹಿಡಿಸಿದೆ. ‘ಎ ಹಂಡ್ರೆಡ್ ಮೆಮೊರೀಸ್’ ಚೆನ್ನಾಗಿದ್ದರೂ ಇಬ್ಬರು ಗೆಳತಿಯರ ನಡುವೆ ಒಬ್ಬ ಹುಡುಗ ಎಂಬ ಹಳೆಯ ಜಾಡು ಬೇಸರ ತರಿಸುತ್ತದೆ. ‘ಮೈ ಯೂತ್’ ಮಾತ್ರ ಮುಂದಕ್ಕೇ ಸಾಗುತ್ತಿಲ್ಲ. ನನ್ನ ಅಭಿಪ್ರಾಯ ಸರಿಯೇ, ಅಥವಾ ನನಗೆ ತಾಳ್ಮೆ ಸಾಲದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಾಳ್ಮೆಯಲ್ಲಿ ದೋಷವಿಲ್ಲ. ಮೊದಲನೆಯದರ ಬಗ್ಗೆ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇವೆ, ಎರಡನೆಯದರ ಬಗ್ಗೆ ಅರ್ಧ ಮಾತ್ರ. ಪ್ರೇಮಿಗಳು ಮಾಡುವ ಕೆಲಸಕ್ಕೂ ಅವರ ಪ್ರೇಮಕ್ಕೂ ಸಂಬಂಧವಿದೆಯೇ ಎಂದು ಕೇಳಿಕೊಂಡರೆ ಈ ಮೂರು ಕಥೆಗಳ ಬಲಾಬಲ ಬೇಗ ತಿಳಿಯುತ್ತದೆ.

ಮೊದಲನೆಯದರಲ್ಲಿ ಇಮ್ ಯೂನಾ ಅಭಿನಯಿಸಿರುವ ಬಾಣಸಿಗಿತ್ತಿ ಫ್ರೆಂಚ್ ಅಡುಗೆಯಲ್ಲಿ ಪಳಗಿದ ಇಂದಿನ ಹೆಣ್ಣು. ಸೂರ್ಯಗ್ರಹಣದ ಹೊತ್ತಿನಲ್ಲಿ ಕೊರಿಯಾದ ಜೋಸೋನ್ ರಾಜವಂಶದ ಕಾಲಕ್ಕೆ ಜಾರಿಬಿದ್ದ ಅವಳು ಜೀವ ಉಳಿಸಿಕೊಳ್ಳಬೇಕಾದರೆ ರಾಜನ ನಾಲಿಗೆಯನ್ನು ಗೆಲ್ಲಲೇಬೇಕು. ಹೀಗಾಗಿ ಪ್ರತಿ ತಟ್ಟೆಯ ಹಿಂದೆಯೂ ಪ್ರಾಣಭಯವಿದೆ, ಪ್ರತಿ ತುತ್ತಿನ ನಂತರ ರಾಜನ ಪಾತ್ರದ ಲೀ ಚೇ-ಮಿನ್‌ನ ಮುಖದಲ್ಲಿ ಆಗುವ ಬದಲಾವಣೆಯೇ ಕಥೆಯ ಮುನ್ನಡೆಯಾಗುತ್ತದೆ. ಮಿಂಗ್ ದೇಶದ (ಆಗಿನ ಚೀನಾದ) ಬಾಣಸಿಗರೊಡನೆ ನಡೆಯುವ ಪಂದ್ಯಕ್ಕಾಗಿ ಆ ಕಾಲದಲ್ಲಿ ಪ್ರೆಷರ್ ಕುಕ್ಕರನ್ನೇ ಮಾಡಿಸುವ ಪ್ರಸಂಗ ನಂಬಲಸಾಧ್ಯವಾದರೂ, ಅವಳಿಗೆ ಅದು ಏಕೆ ಬೇಕು ಎಂಬುದು ನಮಗೆ ಅರ್ಥವಾಗಿರುವುದರಿಂದ ನಗುತ್ತಲೇ ಒಪ್ಪಿಕೊಳ್ಳುತ್ತೇವೆ. (ಊಟ ಮುಗಿಸದೆ ಈ ಧಾರಾವಾಹಿಯ ಮುಂದೆ ಕೂರಬಾರದೆಂಬುದು ನಮ್ಮ ಖಾಸಗಿ ಸಲಹೆ.)

ತ್ರಿಕೋನ ಪ್ರೇಮ ಹಳಸಲು ಎಂಬ ನಿಮ್ಮ ದೂರು ನ್ಯಾಯವಾದದ್ದೇ. ಆದರೆ ಕಿಮ್ ದಾ-ಮಿ ಮತ್ತು ಶಿನ್ ಯೇ-ಉನ್ ಅವರ ಪಾತ್ರಗಳು ಆ ಹುಡುಗನಿಗಿಂತ ಮೊದಲು ಒಬ್ಬರಿಗೊಬ್ಬರು ಸಿಕ್ಕವರು ಎಂಬುದನ್ನು ಗಮನಿಸಿ. ಇಬ್ಬರೂ 1980ರ ದಶಕದ ಬಸ್ ಕಂಡಕ್ಟರುಗಳು. ಆ ಕಾಲದ ದಕ್ಷಿಣ ಕೊರಿಯಾದಲ್ಲಿ ನಗರದ ಬಸ್ಸುಗಳ ಬಾಗಿಲಲ್ಲಿ ನಿಂತು ಹಣ ವಸೂಲಿ ಮಾಡುತ್ತಿದ್ದವರು ಬಹುಪಾಲು ಹಳ್ಳಿಗಳಿಂದ, ಬಡ ಮನೆಗಳಿಂದ ಬಂದ ಹದಿಹರೆಯದ ಹುಡುಗಿಯರು. ಅವರು ಕಂಪನಿಯ ಹಾಸ್ಟೆಲ್‌ಗಳಲ್ಲಿ ಮಲಗಿ, ನಸುಕಿನಲ್ಲೇ ಎದ್ದು, ಸಂಬಳವನ್ನು ತಮ್ಮಂದಿರ ಓದಿಗೆ ಕಳುಹಿಸುತ್ತಿದ್ದರು. ಹಣ ಕದ್ದಿರಬಹುದೆಂಬ ಅನುಮಾನದ ಮೇಲೆ ಮೈತಪಾಸಣೆಯ ಅವಮಾನವನ್ನೂ ನುಂಗುತ್ತಿದ್ದರು. ಪ್ರಯಾಣಿಕರೇ ಪೆಟ್ಟಿಗೆಗೆ ಹಣ ಹಾಕುವ ಪದ್ಧತಿ ಹಬ್ಬಿದಂತೆ ಆ ದಶಕದಲ್ಲೇ ಈ ಉದ್ಯೋಗ ಅಳಿಯಿತು. ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಮಹಿಳಾ ಕಂಡಕ್ಟರುಗಳನ್ನು ಇಂದಿಗೂ ಕಾಣುವ ಕನ್ನಡ ಪ್ರೇಕ್ಷಕರಿಗೆ ಈ ಕಥೆ ಉಳಿದೆರಡಕ್ಕಿಂತ ಹತ್ತಿರದ್ದೆನಿಸಿದರೆ ಆಶ್ಚರ್ಯವಿಲ್ಲ. ಆ ಹುಡುಗ ಯಾರನ್ನು ಆರಿಸುತ್ತಾನೆ ಎಂಬುದಕ್ಕಿಂತ ಈ ಗೆಳೆತನ ಉಳಿಯುತ್ತದೆಯೇ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

‘ಮೈ ಯೂತ್’ ನಿಧಾನವಾಗಿರುವುದು ತಪ್ಪಲ್ಲ. ಹದಿಹರೆಯದ ಪ್ರೇಮವನ್ನು ನಡುವಯಸ್ಸಿನ ಹೊಸ್ತಿಲಲ್ಲಿ ನೆನೆಯುವ ಕಥೆ ಓಡಲು ಸಾಧ್ಯವೂ ಇಲ್ಲ. ಬಾಲನಟನಾಗಿದ್ದು ಈಗ ಹೂವಿನ ವ್ಯವಹಾರ ನಡೆಸುತ್ತಾ ಕಾದಂಬರಿ ಬರೆಯುವವನ ಪಾತ್ರದಲ್ಲಿ ಸಾಂಗ್ ಜೂಂಗ್-ಕಿ ಸಂಯಮದಿಂದ ನಟಿಸಿದ್ದಾರೆ, ನಾಯಕಿ ಚುನ್ ವೂ-ಹೀ ನಾಯಕನಿಗಿಂತಲೂ ಚೆನ್ನಾಗಿ ಮೌನವನ್ನು ಬಳಸುತ್ತಾರೆ. ಆದರೆ ಹೂವುಗಳು ಹಿನ್ನೆಲೆಯ ಅಲಂಕಾರವಾಗಿಯೇ ಉಳಿದಿವೆ. ಅವನು ಹೂವಿನ ಬದಲು ಪುಸ್ತಕ ಮಾರುತ್ತಿದ್ದರೂ ಒಂದು ದೃಶ್ಯವೂ ಬದಲಾಗುತ್ತಿರಲಿಲ್ಲ. ಪ್ರಸಾರದ ವೇಳೆಯೂ ಈ ಕಥೆಗೆ ಹೊಂದಿರಲಿಲ್ಲ. ಉಳಿದೆರಡು ಧಾರಾವಾಹಿಗಳು ಶನಿವಾರ ಒಂದು ಗಂಟು ಹಾಕಿ, ಭಾನುವಾರ ಅದನ್ನು ಬಿಚ್ಚಿ ಇನ್ನೊಂದನ್ನು ಹಾಕುತ್ತಿದ್ದವು. ಇದು ಶುಕ್ರವಾರ ರಾತ್ರಿ ಎರಡು ಕಂತುಗಳನ್ನು ಒಟ್ಟಿಗೆ ಕೊಟ್ಟು ವಾರವಿಡೀ ಸುಮ್ಮನಾಗುತ್ತಿತ್ತು. ಅಷ್ಟರಲ್ಲಿ ನೋಡುಗರ ಕುತೂಹಲ ಆರಿಹೋಗಿರುತ್ತಿತ್ತು.

ಪ್ರಶ್ನೆ: ಹಿಂದೆ 16 ಕಂತುಗಳಿರುತ್ತಿದ್ದವು. ಈಗ ಎಲ್ಲವೂ 12ಕ್ಕೇ ಮುಗಿಯುವುದೇಕೆ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಎಲ್ಲವೂ ಅಲ್ಲ, ಆದರೆ ಈ ಮೂರೂ 12 ಕಂತುಗಳವೇ. ನಿರ್ಮಾಣ ವೆಚ್ಚ, ಅದರಲ್ಲೂ ತಾರೆಯರ ಸಂಭಾವನೆ, ವಿಪರೀತ ಏರಿರುವುದು ಮುಖ್ಯ ಕಾರಣ. 2018ರಲ್ಲಿ ಜಾರಿಗೆ ಬಂದ ವಾರಕ್ಕೆ 52 ಗಂಟೆಗಳ ದುಡಿಮೆಯ ಮಿತಿಯಿಂದಾಗಿ, ಬೆಳಿಗ್ಗೆ ಚಿತ್ರೀಕರಿಸಿ ರಾತ್ರಿ ಪ್ರಸಾರ ಮಾಡುವಂಥ ಹಳೆಯ ಧಾವಂತಕ್ಕೂ ಕಡಿವಾಣ ಬಿದ್ದಿತು. 12 ಕಂತುಗಳಿಂದ ನಷ್ಟವಾಗಿದ್ದರೆ ಅದು ಪೋಷಕ ಪಾತ್ರಗಳ ಪ್ರೇಮಕಥೆಗಳಿಗೆ ಮಾತ್ರ.

ಪ್ರಶ್ನೆ: ‘ಬಾನ್ ಅಪೆಟಿ, ಯುವರ್ ಮೆಜೆಸ್ಟಿ’ಯಲ್ಲಿ ನಿರಂಕುಶ ರಾಜನೊಬ್ಬನನ್ನು ಪ್ರೇಮಿಯಾಗಿ ಮೆರೆಸುವುದು ಸರಿಯೇ? ಅವನು ಇತಿಹಾಸದ ವ್ಯಕ್ತಿಯೆಂದು ಕೇಳಿದ್ದೇನೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಈ ಪಾತ್ರದ ಮೂಲ 1494ರಿಂದ 1506ರವರೆಗೆ ಆಳಿದ ಯೋನ್ಸಾನ್‌ಗುನ್. ತನ್ನ ತಾಯಿಯನ್ನು ಪದಚ್ಯುತಗೊಳಿಸಿ ಕೊಂದವರ ಮೇಲೆ 1504ರಲ್ಲಿ ಸೇಡು ತೀರಿಸಿಕೊಳ್ಳಲು ಹೊರಟು ಅನೇಕ ವಿದ್ವಾಂಸರನ್ನು, ಅಧಿಕಾರಿಗಳನ್ನು ಬಲಿ ತೆಗೆದುಕೊಂಡವನು. ಎರಡು ವರ್ಷಗಳಲ್ಲಿ ಸಿಂಹಾಸನದಿಂದ ಇಳಿಸಲ್ಪಟ್ಟು ಗಡೀಪಾರಾದ ಸ್ಥಿತಿಯಲ್ಲೇ ಸತ್ತನು. ಧಾರಾವಾಹಿಗೆ ಆಧಾರವಾದ ವೆಬ್ ಕಾದಂಬರಿಯ ಶೀರ್ಷಿಕೆಯಲ್ಲಿ ಅವನ ಹೆಸರು ನೇರವಾಗಿದೆ. ತೆರೆಗೆ ತರುವಾಗ ರಾಜನನ್ನು ‘ಲೀ ಹೋನ್’ ಎಂಬ ಕಲ್ಪಿತ ವ್ಯಕ್ತಿಯಾಗಿಸಿದ್ದಾರೆ. ಆ ಎಚ್ಚರ ಮೆಚ್ಚತಕ್ಕದ್ದೇ, ಆದರೆ ಸಾಲದು. ತಾಯಿಯನ್ನು ಕಳೆದುಕೊಂಡ ನೋವನ್ನು ಅಷ್ಟು ವಿಸ್ತಾರವಾಗಿ ತೋರಿಸುವ ಕಥೆ, ಅವನ ಆಳ್ವಿಕೆಯಲ್ಲಿ ನೊಂದ ಸಾಮಾನ್ಯರ ಮುಖಗಳನ್ನು ಅಷ್ಟೇ ಹೊತ್ತು ತೋರಿಸಿಲ್ಲ. ಕೇಡನ್ನೆಲ್ಲ ಸುತ್ತಲಿನ ಸಂಚುಕೋರರ ತಲೆಗೆ ಕಟ್ಟುವುದು ಪ್ರೇಮಕಥೆಗೆ ಅನುಕೂಲ, ರಾಜನ ಪಾತ್ರಕ್ಕೆ ಅನ್ಯಾಯ. ಅವನು ತಾನೇ ಮಾಡಿದ್ದಕ್ಕೆ ಉತ್ತರ ಕೊಡುವ ಒಂದು ದೃಶ್ಯವಾದರೂ ಇರಬೇಕೆಂಬುದು ನಮ್ಮ ನಿರೀಕ್ಷೆಯಾಗಿತ್ತು. ಕೊನೆಯ ಎರಡು ಕಂತುಗಳು 2025ರ ಸೆಪ್ಟೆಂಬರ್ 27 ಮತ್ತು 28ರಂದು ಪ್ರಸಾರವಾದವು.