ಎಸಿಯ ಟನ್ ಯಾವುದರ ತೂಕ?

"ಒಂದೂವರೆ ಟನ್ ಎಸಿ ಎಂದರು, ಇಬ್ಬರೇ ಎತ್ತಿ ಗೋಡೆಗೆ ಸಿಕ್ಕಿಸಿದರು. ಟನ್ ಎಲ್ಲಿ ಹೋಯಿತು?" ಎಂದು ಕೇಳಿದ್ದೀರಿ. ಆ ಟನ್ ಯಂತ್ರದ್ದಲ್ಲ, ಮಂಜುಗಡ್ಡೆಯದು!

ಯಂತ್ರಗಳು ಬರುವ ಮೊದಲು ಅಮೆರಿಕದಲ್ಲಿ ತಂಪಿಗೆ ಮಂಜುಗಡ್ಡೆಯೇ ಗತಿಯಾಗಿತ್ತು. ಅಲ್ಲಿನ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅದೇ ಅಳತೆಯಾಗಿ ಉಳಿಯಿತು. ಕರಗುವುದು ಸಣ್ಣ ಕೆಲಸವಲ್ಲ. ಒಂದು ಕಿಲೋ ಗಡ್ಡೆಗೆ 334 ಕಿಲೋಜೂಲ್ ಬೇಕು. ಅಷ್ಟೇ ಶಾಖ ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸುತ್ತದೆ. ಇಷ್ಟನ್ನು ನುಂಗಿಯೂ ಗಡ್ಡೆಯ ಉಷ್ಣಾಂಶ ಏರುವುದಿಲ್ಲ. ಶಾಲೆಯಲ್ಲಿ ಉರು ಹೊಡೆದ ಗುಪ್ತೋಷ್ಣ ಇದೇ. ಪಾನಕದ ಲೋಟದಲ್ಲಿ ಕೊನೆಯ ಚೂರು ಕರಗುವ ತನಕ ತಂಪು ಉಳಿಯುವುದೂ ಇದರಿಂದಲೇ.

ಲೆಕ್ಕಕ್ಕೆ ಬಂದರೆ, ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು (ಶಾಖವನ್ನು ಅಳೆಯುವ ಬ್ರಿಟಿಷ್ ಮಾನ), ಅಂದರೆ ಸುಮಾರು 3.5 ಕಿಲೋವ್ಯಾಟ್. ನಿಮ್ಮದು 5.3 ಆಯಿತು. ಕರೆಂಟ್ ಬಿಲ್ ನೆನೆದು ಗಾಬರಿಯಾಗಬೇಡಿ: ಅದು ಕೋಣೆಯಿಂದ ಹೊರಹಾಕುವ ಶಾಖ. ಎಸಿ ಶಾಖವನ್ನು ಸಾಗಿಸುವ ಕೂಲಿಯಾಳು ಮಾತ್ರ. ಆ ಕೂಲಿಗೆ ಸುಮಾರು ಒಂದೂವರೆ ಕಿಲೋವ್ಯಾಟ್ ಸಾಕು.