ಆರ್ಡುಯಿನೊ ಕಲಿಯುವ ಹುಡುಗನಿಗೆ ಎಲ್ಲವನ್ನೂ ಹೇಳಿಕೊಡಬೇಕಾ, ಹುಡುಕಿಕೊಳ್ಳಲಿ ಅಂತ ಬಿಡಬೇಕಾ?

ನಿಮ್ಮ ತಂಗಿಯ ಮಗ ಡಿಪ್ಲೊಮಾ ಓದುತ್ತಾ ಆರ್ಡುಯಿನೊ (ಪ್ರೋಗ್ರಾಂ ಬರೆದು ದೀಪ, ಸೆನ್ಸರ್ ನಡೆಸುವ ಪುಟ್ಟ ಬೋರ್ಡು) ಕಲಿಯುತ್ತಿದ್ದಾನೆ, ಪ್ರತಿಯೊಂದಕ್ಕೂ ನಿಮಗೇ ಫೋನ್ ಮಾಡುತ್ತಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ರಾಜಾಜಿನಗರದಲ್ಲಿ ನಮ್ಮ ಮನೆಗೂ ಪ್ರಾಜೆಕ್ಟ್ ಹಿಡಿದುಕೊಂಡು ಹುಡುಗರು ಬರುತ್ತಿರುತ್ತಾರೆ. ನಾನು ಮಾಡುವುದು ಇಷ್ಟು: ಏನನ್ನು ಹುಡುಕಬೇಕು ಅಂತ ಹೇಳುತ್ತೇನೆ, ಹುಡುಕುವುದನ್ನು ಅವರಿಗೇ ಬಿಡುತ್ತೇನೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರೋಡಿನಲ್ಲಿ ಕಡಿಮೆ ಬೆಲೆಗೆ ಸಿಗುವ ಊನೊ (ಆರ್ಡುಯಿನೊದ ಒಂದು ಮಾದರಿ) ಬೋರ್ಡುಗಳು ಜಾಸ್ತಿ ಕ್ಲೋನ್‌ಗಳೇ, ಅಂದರೆ ಬೇರೆಯವರು ಮಾಡಿದ ನಕಲುಗಳೇ. ಅವುಗಳಲ್ಲಿ ಯುಎಸ್‌ಬಿ ಕೆಲಸಕ್ಕೆ ಸಾಮಾನ್ಯವಾಗಿ ಸಿಎಚ್340 ಅನ್ನುವ ಚಿಪ್ ಇರುತ್ತದೆ. ಅದರ ಡ್ರೈವರ್ (ಆ ಚಿಪ್ಪನ್ನು ಗುರುತಿಸುವ ಸಾಫ್ಟ್‌ವೇರ್) ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪೋರ್ಟೇ ಕಾಣಿಸುವುದಿಲ್ಲ. ಪಾಪ, ಹುಡುಗ 'ಆರ್ಡುಯಿನೊ ವರ್ಕ್ ಆಗ್ತಿಲ್ಲ' ಅಂತ ಟೈಪ್ ಮಾಡುತ್ತಾ ಕೂರುತ್ತಾನೆ. ರಾಶಿ ಉತ್ತರ ಬರುತ್ತವೆ, ಅವನಿಗೆ ಬೇಕಾದ್ದು ಸಿಗುವುದಿಲ್ಲ. 'ಯುಎಸ್‌ಬಿ ಪಕ್ಕದ ಚಿಪ್ಪಿನ ಮೇಲೆ ಏನು ಬರೆದಿದೆ ನೋಡು, ಅದನ್ನು ಹಾಕಿ ಹುಡುಕು' ಅಂದರೆ ಸಾಕು, ಮುಂದಿನದನ್ನು ಅವನೇ ಮಾಡಿಕೊಳ್ಳುತ್ತಾನೆ. ಚಾರ್ಜಿಂಗ್ ಕೇಬಲ್ಲಿನದೂ ಇದೇ ಕತೆ. ಬೋರ್ಡಿನ ದೀಪ ಹತ್ತುತ್ತದೆ, ಆದರೆ ಕೆಲವು ಕೇಬಲ್ಲುಗಳ ಒಳಗೆ ಡೇಟಾ ತಂತಿಯೇ ಇರುವುದಿಲ್ಲ. ಹೊಸಬನಿಗೆ ಕೇಬಲ್ ಮೇಲೆ ಅನುಮಾನ ಬರುವುದಾದರೂ ಹೇಗೆ? ಇಂಥದ್ದನ್ನು ನೇರವಾಗಿ ಹೇಳಿಬಿಡಿ. ಇಂಥ ಕಡೆ 'ಗೂಗಲ್ ಮಾಡು' ಅಂದು ಎದ್ದು ಹೋಗುವ ಸೀನಿಯರುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ಎಲ್‌ಇಡಿಗೆ ರೆಸಿಸ್ಟರ್ ಎಷ್ಟು ಹಾಕಲಿ ಅಂತ ಕೇಳಿದರೆ ನಂಬರ್ ಹೇಳಬೇಡಿ. 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದ 3 ವೋಲ್ಟನ್ನು 220 ಓಮ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ 14 ಮಿಲಿಆಂಪ್. ಹೈಸ್ಕೂಲಿನ ಓಮ್ಸ್ ಲಾ, ಅಷ್ಟೇ ಅಲ್ವಾ? ತಪ್ಪಿದರೆ ಒಂದು ಎಲ್‌ಇಡಿ ಸುಡುತ್ತದೆ, ಸುಡಲಿ ಬಿಡಿ.

ಇಎಸ್‌ಪಿ32 ಅನ್ನುವ ಇನ್ನೊಂದು ಬೋರ್ಡಿಗೆ ಹೋದಾಗ ಸ್ವಲ್ಪ ಕಣ್ಣಿಡಿ. ಅದರ ಪಿನ್ನುಗಳು 3.3 ವೋಲ್ಟಿನವು. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರಿಗೆ 5 ವೋಲ್ಟ್ ಕೊಟ್ಟರೆ ಅದರ ಎಕೋ ಪಿನ್ ಕೂಡ 5 ವೋಲ್ಟೇ ಕೊಡುತ್ತದೆ. ನೇರವಾಗಿ ಜೋಡಿಸಿದರೆ ಬೋರ್ಡಿನ ಪಿನ್ ಹಾಳಾಗಬಹುದು, ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಬೇಕು. 'ವೋಲ್ಟೇಜ್ ಡಿವೈಡರ್ ಅಂತ ಹುಡುಕಿ ಓದು, ಆಮೇಲೆ ಜೋಡಿಸು' ಅನ್ನಿ.

ರಿಲೇ (ಬೋರ್ಡಿನಿಂದ ನಡೆಸುವ ಸ್ವಿಚ್ಚು) ಹಾಕಿ ಮನೆಯ ಫ್ಯಾನು, ಬಲ್ಬು ಆನ್ ಮಾಡುತ್ತೇನೆ ಅಂದರೆ ಮಾತ್ರ ಪಕ್ಕದಲ್ಲೇ ಕೂತು ತೋರಿಸಿ. 230 ವೋಲ್ಟಿನ ಜೊತೆ ಪ್ರಯೋಗ ಮಾಡಿ ಕಲಿಯುವುದೇನೂ ಬೇಡ.

ಇನ್ನೊಂದು, ಅವನು ಫೋನ್ ಮಾಡಿದ ಕೂಡಲೇ ಉತ್ತರ ಹೇಳದೆ, ಇಲ್ಲಿಯವರೆಗೆ ಏನೇನು ಮಾಡಿ ನೋಡಿದೆ ಅಂತ ಕೇಳಿ. ಬೈಯುವ ದನಿ ಬೇಡ. ಅದನ್ನು ಹೇಳುತ್ತಾ ಹೇಳುತ್ತಾ ಎಷ್ಟೋ ಸಲ 'ಓ, ಗ್ರೌಂಡ್ ತಂತಿ ಹಾಕಿಲ್ಲ ಮಾಮ' ಅಂತ ಅವನೇ ಫೋನ್ ಇಡುತ್ತಾನೆ. ಹಾಗೇ ಒಂದು ಸಾಧಾರಣ ಮಲ್ಟಿಮೀಟರ್ ಕೊಡಿಸಿ. ಭಾನುವಾರ ಎಸ್‌ಪಿ ರೋಡಿನ ಅಂಗಡಿಗಳು ಜಾಸ್ತಿ ಮುಚ್ಚಿರುತ್ತವೆ, ಶನಿವಾರವೇ ಹೋಗಿ.