ಸೋತರೆ ಕಾಯಿ ಚೆಲ್ಲುವ ಮಗ, ಮೂರೇ ವಾರಕ್ಕೆ ಹವ್ಯಾಸ ಬಿಡುವ ಮಗಳು: ಆಟದಿಂದ ಇವರಿಗೆ ಏನಾದರೂ ಕಲಿಸಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ದೂರುಗಳಿವೆ. ಏಳು ವರ್ಷದ ಮಗ ಸೋಲುವ ಸುಳಿವು ಸಿಕ್ಕರೆ ಸಾಕು, ಕಾಯಿಗಳನ್ನೆಲ್ಲ ಚೆಲ್ಲಿ ಎದ್ದು ಹೋಗುತ್ತಾನೆ. ಹತ್ತು ವರ್ಷದ ಮಗಳು ಚಿತ್ರ, ಕೊಳಲು, ಕಸೂತಿ ಎಂದು ಒಂದರ ಮೇಲೊಂದು ಹಿಡಿದು ಮೂರು ವಾರಕ್ಕೆ ಕೈಬಿಡುತ್ತಾಳೆ. ‘ಆಟದಿಂದ ಮಕ್ಕಳು ಬದುಕು ಕಲೀತಾರೆ ಅಂತ ಎಲ್ಲರೂ ಹೇಳ್ತಾರೆ, ನಮ್ಮನೇಲಿ ಯಾಕೆ ಕಲೀತಿಲ್ಲ?’ ಎಂದು ಕೇಳಿದ್ದೀರಿ.

ಬರೀ ಆಡಿದ ಮಾತ್ರಕ್ಕೆ ಯಾರೂ ಕಲಿಯುವುದಿಲ್ಲ. ಸೋಲು ಮಗು ತಾಳಿಕೊಳ್ಳುವಷ್ಟು ಚಿಕ್ಕದಿರಬೇಕು, ಸೋತ ಕೂಡಲೇ ಇನ್ನೊಂದು ಸಲ ಆಡಲು ಅವಕಾಶ ಇರಬೇಕು, ಅಷ್ಟು ಹೊತ್ತು ದೊಡ್ಡವರು ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಮೂರರಲ್ಲಿ ಕೊನೆಯದೇ ಕಷ್ಟ.

ಮೊದಲು ಮಗನ ವಿಷಯ. ಮುಕ್ಕಾಲು ಗಂಟೆ ಆಡಿ ಸೋತರೆ ಆ ಮುಕ್ಕಾಲು ಗಂಟೆಯೇ ನೀರಿಗೆ ಹೋಯಿತು ಅನ್ನಿಸುತ್ತದೆ, ಏಳರ ವಯಸ್ಸಿಗೆ ಅದು ದೊಡ್ಡ ನಷ್ಟ. ಐದು ನಿಮಿಷದ ಆಟ ಸೋತರೆ ‘ಇನ್ನೊಂದು ಆಡೋಣ’ ಅನ್ನಬಹುದು. ಹಾಗಾಗಿ ಆಟ ಬದಲಿಸುವುದಕ್ಕಿಂತ ಮೊದಲು ಅದರ ಉದ್ದ ಕತ್ತರಿಸಿ. ಚೆಸ್ ಮನೆಯಲ್ಲಿದ್ದರೆ ಉಳಿದ ಕಾಯಿಗಳನ್ನೆಲ್ಲ ಡಬ್ಬಿಯಲ್ಲೇ ಬಿಟ್ಟು ಇಬ್ಬರೂ ಎಂಟೆಂಟು ಕಾಲಾಳುಗಳನ್ನು ಮಾತ್ರ ಅವುಗಳ ಮಾಮೂಲು ಸಾಲಿನಲ್ಲಿ ಇಡಿ. ನಡೆ ಎಂದಿನಂತೆಯೇ: ಮುಂದಕ್ಕೆ ಒಂದು ಮನೆ, ಮೊದಲ ಸಲ ಬೇಕಾದರೆ ಎರಡು, ಹೊಡೆಯುವುದು ಓರೆಯಾಗಿ. ಯಾರ ಕಾಲಾಳು ಮೊದಲು ಎದುರು ಕೊನೆಯ ಸಾಲು ಮುಟ್ಟುತ್ತದೋ ಅವರು ಗೆದ್ದಂತೆ, ಯಾರಿಗೂ ನಡೆ ಇಲ್ಲವಾದರೆ ಡ್ರಾ. ಒಂದು ಆಟ ಐದಾರು ನಿಮಿಷಕ್ಕೆ ಮುಗಿಯುತ್ತದೆ. ಒಂದೇ ಕೂರುವಿಕೆಯಲ್ಲಿ ಐದು ಆಟ ಆಡಿದರೆ ಮಗು ಎರಡು ಗೆದ್ದು ಮೂರು ಸೋಲುತ್ತದೆ, ಆದರೂ ಎದ್ದು ಹೋಗುವಾಗ ಮುಖ ಊದಿರುವುದಿಲ್ಲ. ಇದು ಸಲೀಸಾದ ಮೇಲೆ ರಾಜನನ್ನು ಸೇರಿಸಿ, ಆಮೇಲೆ ಆನೆ, ಹೀಗೆ ಒಂದೊಂದೇ.

ಬೇಕೆಂದೇ ಸೋಲಬೇಡಿ. ಆರೇಳು ವರ್ಷದ ಮಕ್ಕಳಿಗೆ ಅದು ಗೊತ್ತಾಗುತ್ತದೆ, ಗೊತ್ತಾದ ದಿನ ಹಿಂದಿನ ಗೆಲುವುಗಳೆಲ್ಲ ಬೆಲೆ ಕಳೆದುಕೊಳ್ಳುತ್ತವೆ. ಅದರ ಬದಲು ಎಲ್ಲರಿಗೂ ಕಾಣುವ ಹಾಗೆ ನಿಮ್ಮ ಬಲ ಕಡಿಮೆ ಮಾಡಿಕೊಳ್ಳಿ. ನೀವು ಎರಡು ಕಾಲಾಳು ಕಡಿಮೆ ಇಟ್ಟು ಆಡಿ. ಮಗು ಸತತ ಮೂರು ಗೆದ್ದರೆ ಒಂದನ್ನು ವಾಪಸ್ ತೆಗೆದುಕೊಳ್ಳಿ, ಸತತ ಮೂರು ಸೋತರೆ ಇನ್ನೊಂದನ್ನು ಬಿಟ್ಟುಕೊಡಿ. ಇದರಲ್ಲಿ ಮೋಸ ಇಲ್ಲ. ‘ಅಪ್ಪ ಈಗ ಒಂದೇ ಕಾಯಿ ಕಡಿಮೆ ಇಟ್ಟು ಆಡಬೇಕು’ ಎಂದು ಮಗು ತಾನೇ ತನ್ನ ಏರಿಕೆಯ ಲೆಕ್ಕ ಇಡುತ್ತದೆ. ಇನ್ನೊಂದು ಉಪಾಯ: ನಡುವೆ ಒಂದು ಸಲ ಹಲಗೆ ತಿರುಗಿಸುವ ಹಕ್ಕು ಮಗುವಿಗಿರಲಿ. ತಾನು ಕೆಡಿಸಿದ ಆಟವನ್ನು ನಿಮ್ಮ ಕೈಗೆ ಕೊಟ್ಟು, ನಿಮ್ಮ ಗೆಲ್ಲುವ ಸ್ಥಾನದಿಂದ ತಾನು ಮುಂದುವರಿಸಬಹುದು. ಹಾಳಾದ ಸ್ಥಾನದಲ್ಲಿ ಕೂತು ನೀವು ಹೇಗೆ ಒದ್ದಾಡುತ್ತೀರಿ ಎನ್ನುವುದನ್ನು ಅದು ಕಣ್ಣರಳಿಸಿ ನೋಡುತ್ತದೆ. ಆಗ ನಿಮ್ಮ ನಡೆಯನ್ನು ಬಾಯಿಬಿಟ್ಟು ಯೋಚಿಸಿ: ‘ಈ ಕಾಯಿ ಹೋಗೇ ಹೋಗುತ್ತೆ, ಸರಿ, ಹೋಗ್ಲಿ. ಇನ್ನೊಂದನ್ನ ಉಳಿಸ್ಕೊಳ್ಳೋಕಾಗುತ್ತಾ ನೋಡ್ತೀನಿ.’ ಸೋಲನ್ನು ನುಂಗಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ, ಆಟ ಮುಗಿದ ಮೇಲೆ ಹೇಳುವ ಬುದ್ಧಿಮಾತಿನಲ್ಲಂತೂ ಇಲ್ಲವೇ ಇಲ್ಲ.

ಕಾಯಿ ಚೆಲ್ಲುವ ಅಭ್ಯಾಸಕ್ಕೆ ಆಟ ಶುರುವಾಗುವ ಮೊದಲೇ ಒಂದು ನಿಯಮ ಮಾಡಿ: ಕಾಯಿಗಳನ್ನು ಡಬ್ಬಿಗೆ ಹಾಕುವವರೆಗೆ ಆಟ ಮುಗಿದಿಲ್ಲ, ಅದನ್ನು ಇಬ್ಬರೂ ಸೇರಿ ಮಾಡಬೇಕು. ಚೆಲ್ಲಿದನೋ, ಬೈಯಬೇಡಿ, ‘ಇದು ಬರೀ ಆಟ ಕಣೋ’ ಎಂದೂ ಹೇಳಬೇಡಿ, ಅವನಿಗೆ ಆ ಗಳಿಗೆಯಲ್ಲಿ ಅದು ಬರೀ ಆಟವಲ್ಲ. ಅಳು ತಣ್ಣಗಾಗಲಿ. ಹತ್ತು ನಿಮಿಷವಾದರೂ ಸರಿ, ಆಮೇಲೆ ಕರೆದು ಹೆಕ್ಕಿಸಿ. ನೀವೂ ಜೊತೆಗೆ ಹೆಕ್ಕಿ. ಅವನು ಹೆಕ್ಕದೆ ಮುಂದಿನ ಆಟ ಇಲ್ಲ, ಅಷ್ಟೇ.

ಸೋಲು ಗೆಲುವು ಇಲ್ಲದ ಕಡೆಯೂ ತಪ್ಪುವುದನ್ನು ಕಲಿಯಬೇಕು. ಅದಕ್ಕೆ ನನ್ನ ಮೊದಲ ಆಯ್ಕೆ ಗಾಳಿಪಟ. ಕೊಂಡು ತಂದದ್ದಲ್ಲ, ಕೈಯಾರೆ ಮಾಡಿದ್ದು. ಅದು ಮೊದಲ ಸಲ ಹಾರುವುದಿಲ್ಲ, ಯಾಕೆ ಹಾರಲಿಲ್ಲ ಎನ್ನುವುದನ್ನು ಅದೇ ಹೇಳುತ್ತದೆ.

ಹಳೇ ಪತ್ರಿಕೆಯ ಬಿಡಿಸಿದ ಹಾಳೆ, ಬಿದಿರಿನ ಎರಡು ತೆಳು ಕಡ್ಡಿ, ಹತ್ತಿಯ ದಾರ, ಅಂಟು ಇಷ್ಟು ಸಾಕು. ಬೆನ್ನುಕಡ್ಡಿ 60 ಸೆಂ.ಮೀ., ಅಡ್ಡಕಡ್ಡಿ 48 ಸೆಂ.ಮೀ. ಬೆನ್ನುಕಡ್ಡಿಯ ತುದಿಯಿಂದ 15 ಸೆಂ.ಮೀ. ಕೆಳಗೆ ಅಡ್ಡಕಡ್ಡಿಯ ನಟ್ಟನಡುವನ್ನು ಇಟ್ಟು ದಾರದಿಂದ ಗುಣಿಸು ಚಿಹ್ನೆಯಂತೆ ಬಿಗಿದು ಕಟ್ಟಿ. ನಾಲ್ಕೂ ತುದಿಗಳಿಗೆ ಸಣ್ಣ ಕಚ್ಚು ಹಾಕಿ ಸುತ್ತಲೂ ದಾರ ಎಳೆದರೆ ಚೌಕಟ್ಟು ಆಯಿತು. ಅದನ್ನು ಹಾಳೆಯ ಮೇಲಿಟ್ಟು ಒಂದೂವರೆ ಸೆಂ.ಮೀ. ಅಂಚು ಬಿಟ್ಟು ಕತ್ತರಿಸಿ, ಅಂಚನ್ನು ದಾರದ ಮೇಲೆ ಮಡಿಸಿ ಅಂಟಿಸಿ. ಸೂತ್ರಕ್ಕೆ ಸುಮಾರು 80 ಸೆಂ.ಮೀ. ದಾರ: ಒಂದು ತುದಿ ಕಡ್ಡಿಗಳು ಕೂಡುವಲ್ಲಿ, ಇನ್ನೊಂದು ಬೆನ್ನುಕಡ್ಡಿಯ ಬುಡದಿಂದ ನಾಲ್ಕು ಬೆರಳು ಮೇಲೆ. ಆ ಸೂತ್ರದಲ್ಲಿ ಒಂದು ಕುಣಿಕೆ, ಹಾರಿಸುವ ದಾರ ಅದಕ್ಕೆ. ಬಾಲಂಗೋಚಿ ಬೆನ್ನುಕಡ್ಡಿಯ ಐದು ಪಟ್ಟು ಇರಲಿ, ಅಂದರೆ ಮೂರು ಮೀಟರ್. ಹಗುರವಾದ ಬಟ್ಟೆಯ ಪಟ್ಟಿ ಒಳ್ಳೆಯದು.

ನಿಜವಾದ ಕಲಿಕೆ ಬಯಲಿನಲ್ಲಿ. ಗಿಡಗಳ ಎಲೆ, ಸಣ್ಣ ರೆಂಬೆಗಳು ಬಿಡದೆ ಅಲುಗುತ್ತಿರುವಷ್ಟು ಗಾಳಿ ಬೇಕು. ವಿದ್ಯುತ್ ತಂತಿ ಹತ್ತಿರ ಇರಕೂಡದು, ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಮುಟ್ಟಲೇಬಾರದು. ಪಟ ಮೇಲೇಳುತ್ತಲೇ ಗಿರಗಿರ ಸುತ್ತಿ ಗೋತಾ ಹೊಡೆದರೆ ಸಾಮಾನ್ಯವಾಗಿ ಬಾಲಂಗೋಚಿ ಸಾಲದು, ಇನ್ನೂ ಅರ್ಧ ಮೀಟರ್ ಸೇರಿಸಿ ಕಟ್ಟಿ. ಯಾವಾಗಲೂ ಒಂದೇ ಕಡೆಗೆ ವಾಲುತ್ತಿದ್ದರೆ ಆ ಪಕ್ಕ ಭಾರ ಎಂದರ್ಥ. ಬೆನ್ನುಕಡ್ಡಿಯ ಎರಡೂ ತುದಿಗಳನ್ನು ಬೆರಳುಗಳ ಮೇಲೆ ತೂಗಿ ನೋಡಿ, ಮೇಲೇಳುವ ರೆಕ್ಕೆಗೆ ಒಂದು ಚೂರು ಕಾಗದ ಅಂಟಿಸಿ. ದಾರ ಜೋರಾಗಿ ಎಳೆಯುತ್ತಿದ್ದರೂ ಪಟ ಮೇಲೆ ಹೋಗದೆ ಎದುರಲ್ಲೇ ತೂಗುತ್ತಿದ್ದರೆ ಕುಣಿಕೆ ಕೆಳಗಿದೆ, ಒಂದು ಸೆಂ.ಮೀ. ಮೇಲಕ್ಕೆ ಸರಿಸಿ. ಗಾಳಿಯೇ ಹಿಡಿಯದೆ ಪಟಪಟ ಬಡಿದುಕೊಂಡು ಬಿದ್ದರೆ ಕುಣಿಕೆ ತೀರಾ ಮೇಲಿದೆ.

ಇಲ್ಲಿ ದೊಡ್ಡವರು ಮಾಡುವ ತಪ್ಪು ಒಂದೇ: ಪಟ ಕಿತ್ತುಕೊಂಡು ಬಾಲವನ್ನೂ ಸೂತ್ರವನ್ನೂ ಒಟ್ಟಿಗೆ ಸರಿಮಾಡಿ ಹಾರಿಸಿ ತೋರಿಸುವುದು. ಪಟ ಹಾರುತ್ತದೆ, ಯಾವುದರಿಂದ ಹಾರಿತು ಎಂದು ಮಗುವಿಗೆ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎನ್ನುವ ನಿಯಮ ಇಡಿ. ಬದಲಾಯಿಸುವ ಮೊದಲು ‘ಏನಾಗುತ್ತೆ ಅಂದ್ಕೊಂಡಿದೀಯ?’ ಎಂದು ಕೇಳಿ, ಅಷ್ಟೇ. ಆ ಊಹೆ ಸುಳ್ಳಾದರೂ ನಿಮ್ಮ ಬಾಯಿ ತೆರೆಯದಿರಲಿ. ನಾಲ್ಕೈದು ಸಲ ಬಿದ್ದ ಮೇಲೆ ‘ನನ್ನ ಕೈಲಾಗಲ್ಲ’ ಎನ್ನುವ ಮಾತು ‘ಸೂತ್ರ ಸರಿ ಇಲ್ಲ’ ಎಂದು ಬದಲಾಗುತ್ತದೆ. ಪತ್ರಿಕೆ ಹರಿಯುತ್ತದೆ, ಅದಕ್ಕೇ ಎರಡು ಹಾಳೆ ಹೆಚ್ಚಿಗೆ ಒಯ್ದಿರಿ.

ಕಾಯುವುದನ್ನು ಕಲಿಸಲು ಎಲ್ಲರೂ ಬೀಜ ನೆಡಿಸುತ್ತಾರೆ. ಒಳ್ಳೆಯದೇ, ಆದರೆ ನಿಧಾನದ ಬೀಜದಿಂದ ಶುರುಮಾಡಬೇಡಿ. ಮೂಲಂಗಿ ಮೂರರಿಂದ ಐದು ದಿನಕ್ಕೆ ಮೊಳೆಯುತ್ತದೆ, ಬೇಗ ಬಲಿಯುವ ತಳಿಯಾದರೆ ತಿಂಗಳೊಳಗೆ ಕೀಳಬಹುದು. ಒಂದು ಸೆಂ.ಮೀ. ಆಳ, ಬೀಜದಿಂದ ಬೀಜಕ್ಕೆ ಐದು ಸೆಂ.ಮೀ., ಕುಂಡದ ತಳದಲ್ಲಿ ತೂತು. ಮಕ್ಕಳ ಗಿಡ ಬಾಡಿ ಸಾಯುವುದಕ್ಕಿಂತ ಹೆಚ್ಚಾಗಿ ಪ್ರೀತಿಯಿಂದ ಸಾಯುತ್ತದೆ: ದಿನಕ್ಕೆ ನಾಲ್ಕು ಸಲ ನೀರು ಹುಯ್ದರೆ ಮಣ್ಣಿನ ಸಂದಿಯಲ್ಲಿ ಗಾಳಿ ಉಳಿಯದೆ ಬೇರು ಕೊಳೆಯುತ್ತದೆ. ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ, ಒಣಗಿದ್ದರೆ ಮಾತ್ರ ನೀರು. ಎರಡು ಕುಂಡ ಇಡಿ, ಒಂದಕ್ಕೆ ಮಗು ತನಗೆ ತೋಚಿದಷ್ಟು ಹುಯ್ಯಲಿ. ಗಿಡ ಸತ್ತರೆ ರಾತ್ರೋರಾತ್ರಿ ಹೊಸದನ್ನು ತಂದಿಡುವ ಕಳ್ಳತನ ಮಾತ್ರ ಬೇಡ.

ಈಗ ಮಗಳು. ಮೂರು ವಾರಕ್ಕೆ ಬಿಡುವುದು ಸೋಮಾರಿತನ ಎಂದು ನನಗೆ ಅನ್ನಿಸುವುದಿಲ್ಲ. ಮೊದಲ ಎರಡು ವಾರ ಪ್ರತಿದಿನ ಏನೋ ಹೊಸದು ಬರುತ್ತದೆ. ಮೂರನೇ ವಾರದಿಂದ ಅದೇ ಸ್ವರ, ಅದೇ ಹೊಲಿಗೆ, ಪ್ರಗತಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣಿಸುವ ಹಾಗೆ ಮಾಡುವುದು ನಿಮ್ಮ ಕೆಲಸ. ಕೊಳಲಾದರೆ ಮೊದಲ ವಾರ ಅರ್ಧ ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು, ನಾಲ್ಕನೇ ವಾರ ಅದೇ ಪಾಠವನ್ನು ಮತ್ತೆ ರೆಕಾರ್ಡ್ ಮಾಡಿ ಎರಡನ್ನೂ ಕೇಳಿಸಿ. ಚಿತ್ರವಾದರೆ ತಿಂಗಳಿಗೊಮ್ಮೆ ಅದೇ ಚೊಂಬನ್ನು ಬರೆಸಿ, ಹಿಂದೆ ತಾರೀಕು ಹಾಕಿಸಿ.

ಮೊದಲ ಕೆಲಸವೇ ದೊಡ್ಡದಾಗಿರುವುದೂ ಒಂದು ಕಾರಣ. ಕಸೂತಿ ಅಂದರೆ ದಿಂಬಿನ ಕವರಿಗೇ ಕೈ ಹಾಕಬಾರದು. ಹತ್ತು ಸೆಂ.ಮೀ. ಚೌಕದ ಬಟ್ಟೆ, ಒಂದು ಎಲೆ, ಒಂದೇ ಬಗೆಯ ಹೊಲಿಗೆ, ಒಂದೇ ಸಂಜೆಗೆ ಮುಗಿಯಬೇಕು. ಎರಡನೆಯದು ಮೂರು ಸಂಜೆಗೆ, ಮೂರನೆಯದು ವಾರಕ್ಕೆ. ದಾರ ಮೊಳಕ್ಕಿಂತ ಉದ್ದ ಬೇಡ, ಉದ್ದವಾದಷ್ಟೂ ಗಂಟು ಬೀಳುತ್ತದೆ, ಗಂಟು ಬಿಡಿಸುವುದರಲ್ಲೇ ಉತ್ಸಾಹ ಕರಗುತ್ತದೆ. ಸಾಧನ ಚಿಕ್ಕದಿರಲಿ, ಕಳಪೆ ಇರಬಾರದು. ಮೊಂಡು ಕತ್ತರಿ, ಶ್ರುತಿ ನಿಲ್ಲದ ವಾದ್ಯ, ಬೆರಳು ಎಟುಕದಷ್ಟು ಉದ್ದದ ಕೊಳಲು ಇವುಗಳ ತಪ್ಪನ್ನು ಮಗು ತನ್ನ ತಲೆಗೆ ಕಟ್ಟಿಕೊಳ್ಳುತ್ತದೆ.

ಒಪ್ಪಂದವೂ ಇರಲಿ: ಹೊಸದು ಹಿಡಿದರೆ ಎಂಟು ವಾರ, ಅದರಲ್ಲಿ ಮುಗಿದ ಒಂದು ವಸ್ತು ಅಥವಾ ಪೂರ್ತಿ ನುಡಿಸಿದ ಒಂದು ಪಾಠ. ಆಮೇಲೆ ಬಿಡಲು ಯಾರ ಅಪ್ಪಣೆಯೂ ಬೇಡ. ದಿನಕ್ಕೆ ಹದಿನೈದು ನಿಮಿಷ ಸಾಕು, ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸುವುದಕ್ಕಿಂತ ಅದು ಎಷ್ಟೋ ಮೇಲು.

ಬಹುಮಾನದ ಆಸೆ ತೋರಿಸಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಶಾಲೆಪೂರ್ವ ವಯಸ್ಸಿನ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ‘ಬರೆದರೆ ಪ್ರಶಸ್ತಿಪತ್ರ’ ಎಂದು ಮೊದಲೇ ಹೇಳಿಸಿಕೊಂಡವರು, ಕೆಲವು ದಿನಗಳ ನಂತರ ಬಿಡುವಿನ ವೇಳೆಯಲ್ಲಿ ಬಣ್ಣದ ಪೆನ್ನು ಮುಟ್ಟಿದ್ದು ಉಳಿದವರಿಗಿಂತ ಕಡಿಮೆ. ಮೊದಲೇ ಹೇಳದೆ ಕೊನೆಗೆ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಹಾಗೆ ಕುಸಿಯಲಿಲ್ಲ. ಅಂದರೆ ತೊಂದರೆ ಉಡುಗೊರೆಯದ್ದಲ್ಲ, ಮೊದಲೇ ಮಾಡಿಕೊಳ್ಳುವ ವ್ಯಾಪಾರದ್ದು. ಹೊಗಳಿಕೆಯೂ ಹೀಗೇ. ಮುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ‘ನೀನು ಜಾಣ’ ಎನ್ನಿಸಿಕೊಂಡ ಮಕ್ಕಳಿಗೆ ಕಷ್ಟದ ಒಗಟುಗಳಲ್ಲಿ ಸೋತ ಮೇಲೆ ಮುಂದುವರಿಸುವ ಮನಸ್ಸು ಕಡಿಮೆಯಾಯಿತು, ಪಟ್ಟ ಶ್ರಮವನ್ನು ಹೊಗಳಿಸಿಕೊಂಡವರಲ್ಲಿ ಆ ಮನಸ್ಸು ಹೆಚ್ಚು ಉಳಿದಿತ್ತು. ಹಾಗಂತ ಪ್ರತಿಯೊಂದಕ್ಕೂ ‘ಎಷ್ಟು ಕಷ್ಟಪಟ್ಟೆ!’ ಎಂದು ರಾಗ ಎಳೆದರೆ ಅದೂ ಸವಕಲಾಗುತ್ತದೆ. ಕಂಡದ್ದನ್ನು ಹೇಳಿ: ‘ಈ ಎಲೆಯ ಅಂಚಿನ ಹೊಲಿಗೆ ಎಲ್ಲಾ ಒಂದೇ ಅಳತೆಗೆ ಬಂದಿದೆ.’

ಗುಂಪಿನ ಆಟಗಳ ಬಗ್ಗೆ ಒಂದೇ ಮಾತು: ನ್ಯಾಯ ಅಂದರೇನು ಎಂದು ತಿಳಿಯಬೇಕಾದರೆ ಮಗನಿಗೆ ಆಗಾಗ ಅಂಪೈರ್ ಕೆಲಸ ಕೊಡಿ. ಗೆಳೆಯ ಔಟಾದಾಗ ಔಟ್ ಎನ್ನಬೇಕಾಗಿ ಬಂದವನು, ತನ್ನ ಸರದಿಯಲ್ಲಿ ಅಷ್ಟು ಸುಲಭವಾಗಿ ಜಗಳ ತೆಗೆಯುವುದಿಲ್ಲ.

ಮರ ಹತ್ತುವುದು, ಗೋಡೆ ಮೇಲೆ ನಡೆಯುವುದು ಇಂಥವಕ್ಕೆ ‘ಬೀಳ್ತೀಯ, ಹುಷಾರು’ ಎಂದು ಕೂಗುವುದರಿಂದ ಉಪಯೋಗವಿಲ್ಲ, ಕೂಗು ಕೇಳಿ ಮಗು ತಿರುಗಿ ನೋಡುತ್ತದೆ, ಆಗಲೇ ಕಾಲು ಜಾರುವುದು. ನಿಯಮ ಎರಡು ಸಾಕು. ನೀವು ಎತ್ತಿ ಕೂರಿಸುವುದಿಲ್ಲ, ತಾನಾಗಿ ಏರಿದಷ್ಟೇ ಎತ್ತರ. ಎರಡು ಕೈ ಎರಡು ಕಾಲಿನಲ್ಲಿ ಯಾವಾಗಲೂ ಮೂರು ಗಟ್ಟಿ ಹಿಡಿದಿರಬೇಕು, ಒಂದು ಮಾತ್ರ ಸರಿಯಬಹುದು. ಇಳಿಯಲು ತಿಳಿಯದೆ ಕೂತರೆ ‘ಎಡಗಾಲಿಗೆ ಕೆಳಗೆ ಏನು ಸಿಗುತ್ತೆ ನೋಡು’ ಎಂದು ಕೇಳಿ, ಅವನೇ ದಾರಿ ಹುಡುಕಲಿ. ಒಣಗಿದ ಕೊಂಬೆ ಯಾವುದೆಂದು ಮಾತ್ರ ಮೊದಲೇ ತೋರಿಸಿಕೊಡಿ.

ಇಷ್ಟೆಲ್ಲ ಹೇಳಿದ ಮೇಲೂ, ದಿನದ ಆಟದಲ್ಲಿ ಅರ್ಧವನ್ನಾದರೂ ಯಾವ ಉದ್ದೇಶವೂ ಇಲ್ಲದೆ ಬಿಡಿ. ಪಾಠದ ವಾಸನೆ ಬಡಿದರೆ ಮಕ್ಕಳು ಆಟದಿಂದಲೇ ಓಡುತ್ತಾರೆ. ಚೆಸ್ ಸೇರಿಸಿದರೆ ಗಣಿತದ ಅಂಕ ತಾನಾಗಿ ಏರುತ್ತದೆ ಎನ್ನುವ ಲೆಕ್ಕಾಚಾರವೂ ಬೇಡ. ಮಗಳು ಕ್ಲಾಸಿನ ದಿನವೇ ಹೊಟ್ಟೆನೋವು ಅನ್ನತೊಡಗಿದರೆ, ಬಿಡುವಿದ್ದರೂ ಕೊಳಲಿನ ಕಡೆ ತಿರುಗಿಯೂ ನೋಡದಿದ್ದರೆ, ಎಂಟು ವಾರ ಮುಗಿಯುವ ದಿನವೇ ನಿಲ್ಲಿಸಿ, ಸುರಿದ ಹಣದ ಮಾತೆತ್ತಬೇಡಿ. ಕೊಳಲನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕದೆ ಗೋಡೆಯ ಮೊಳೆಗೆ, ಅವಳ ಕೈಗೆ ಎಟುಕುವ ಎತ್ತರದಲ್ಲಿ ತೂಗುಹಾಕಿ.